ಸೋರುವ ಅಣೆಕಟ್ಟು

ಪಠ್ಯ ಬದಲಾಗಿದೆ, ಇನ್ನು ಮಕ್ಕಳು ಉರು ಹೊಡೆಯಬೇಕಿಲ್ಲ, ಮಾಡಿ ನೋಡಿ ಕಲಿಯುತ್ತಾರೆ ಎಂಬ ಸುದ್ದಿ ಶಿವಮೊಗ್ಗದ ಕೋಟೆ ಹತ್ತಿರದ ನಮ್ಮ ಮನೆಗೂ ಬಂದಿತ್ತು. ಹಾಗೆಂದರೆ ಹೇಗಪ್ಪಾ ಎಂದು ನೋಡುವ ಆಸೆಗೇ ನಾನು ಭದ್ರಾವತಿಯ ಅಕ್ಕನ ಮನೆಗೆ ಬಸ್ಸು ಹತ್ತಿದ್ದು.

ಹೋಗಿ ನೋಡಿದರೆ, ಅಲ್ಲಿ ಕಲಿಯುತ್ತಿದ್ದವರು ಭಾವ! ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದು ನಿವೃತ್ತರಾದವರು, ಆರನೇ ಕ್ಲಾಸಿನ ಮೊಮ್ಮಗಳ ಪ್ರಾಜೆಕ್ಟಿಗೆಂದು ತಗಡು ಬೆಸೆದು ಗಾಜನೂರಿನ ಅಣೆಕಟ್ಟು ಕಟ್ಟಿದ್ದರು. ಗೇಟು ಎತ್ತಿದರೆ ನೀರು ಧುಮುಕುತ್ತಿತ್ತು. ಆ ಬೀದಿಯೇ ಹಾಗೆ. ಯಾವ ಮಗುವಿನ ಪ್ರಾಜೆಕ್ಟಾದರೂ ಫಿಟ್ಟರ್ ಅಜ್ಜನೋ ಟರ್ನರ್ ಅಪ್ಪನೋ ಮಾಡಬೇಕು, ಪಕ್ಕದ ಮನೆಯದಕ್ಕಿಂತ ಒಂದು ಕೈ ಮೇಲಿರಬೇಕು.

"ಕೈ ಕೆಸರಾದರೆ ಬಾಯಿ ಮೊಸರು ಅಂತಿದ್ಲು ಅಮ್ಮ. ಇಲ್ಲಿ ಕೆಸರು ತಾತಂದು, ಮೊಸರು ಮೊಮ್ಮಗಳದು," ಎಂದಳು ಅಕ್ಕ. "ಇದಕ್ಕಿಂತ ಉರು ಹೊಡೆಯೋದೇ ವಾಸಿ. ಅದನ್ನಾದ್ರೂ ಮಗುನೇ ಹೊಡೀಬೇಕಿತ್ತು."

"ಉರು ಹೊಡೆದು ನೀನ್ಯಾವ ಅಣೆಕಟ್ಟು ಕಟ್ಟಿದೆ ಮಾರಾಯ್ತಿ?" ಭಾವ ಬಿಡಲಿಲ್ಲ.

ಮೊಮ್ಮಗಳು ನನ್ನನ್ನು ಹಿತ್ತಿಲಿಗೆ ಎಳೆದೊಯ್ದಳು. ಹಳೆಯ ಪ್ಲಾಸ್ಟಿಕ್ ಟ್ರೇಯಲ್ಲಿ ಅವಳೇ ಮೆತ್ತಿದ ಮಣ್ಣಿನ ಕಟ್ಟೆ, ಒಂದು ಕಡೆ ವಾಲಿಕೊಂಡಿತ್ತು.

"ನಾಳೆ ಇದನ್ನೇ ತಗೊಂಡ್ಹೋಗ್ತೀನಿ. ತಾತಂಗೆ ನೀನೇ ಹೇಳು, ಚಿಕ್ಕತಾತ."

ಹೇಳಿದೆ. "ಅದು ಸೋರುತ್ತೆ ಮಾರಾಯ, ಎಲ್ಲರೆದುರು ಮಗು ನಗೆಪಾಟಲಾಗುತ್ತೆ," ಎಂದರು ಭಾವ.

"ಸೋರ್ಲಿ ಬಿಡು ತಾತ, ನಂದೇ ಅಲ್ವಾ ಸೋರೋದು?"

ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಭಾವ ತಮ್ಮ ತಗಡಿನ ಗೇಟನ್ನು ಸುಮ್ಮನೆ ಎತ್ತಿ ಇಳಿಸಿದರು.

ಮರುದಿನ ಪ್ರಾಜೆಕ್ಟು ನೋಡಲು ಶಾಲೆಗೆ ಬಂದ ದೊಡ್ಡವರನ್ನೆಲ್ಲ ಟೀಚರು ಹೊರಗೆ ನಿಲ್ಲಿಸಿದರು. ಕಿಟಕಿ ತುಂಬ ಅಪ್ಪಂದಿರು, ಅಜ್ಜಂದಿರು. ಮೊದಲು ಒಬ್ಬ ಹುಡುಗನ ಮಿರಮಿರ ಮಿಂಚುವ ಕ್ರೇನು. "ಇದು ಹೆಂಗಪ್ಪ ಎತ್ತುತ್ತೆ?" ಎಂದು ಟೀಚರು ಕೇಳಿದರೆ ಅವನು ತಿರುಗಿ ಕಿಟಕಿಯನ್ನೇ ನೋಡಿದ.

ಆಮೇಲೆ ನಮ್ಮವಳ ಕಟ್ಟೆ. ಟೀಚರು ನೀರು ಸುರಿದದ್ದೇ ತಡ, ಬುಡದಲ್ಲಿ ಜಿನುಗತೊಡಗಿತು. ಮಕ್ಕಳು ನಕ್ಕರು. ಭಾವ ಕಿಟಕಿಯ ಸರಳು ಹಿಡಿದು ಬಾಯಿ ತೆರೆದರು. ಅಕ್ಕ ಹಿಂದಿನಿಂದ ಅಂಗಿ ಜಗ್ಗಿದಳು.

"ಯಾಕೆ ಸೋರ್ತಿದೆ?" ಎಂದರು ಟೀಚರು.

"ಮೇಲೆ ಸೋರಲ್ಲ ಮಿಸ್, ಕೆಳಗೇ ಸೋರೋದು. ನಿನ್ನೇನೂ ಹಂಗೇ ಆಯ್ತು. ನೀರು ಕೆಳಗೆ ಜೋರಾಗಿ ತಳ್ಳುತ್ತೇನೋ. ಬುಡ ದಪ್ಪ ಮಾಡ್ಬೇಕಿತ್ತು."

"ಎಷ್ಟು ದಪ್ಪ?"

"ಗೊತ್ತಿಲ್ಲ ಮಿಸ್. ಮಾಡಿ ನೋಡ್ಬೇಕು."

ನಗು ನಿಂತಿತ್ತು. ಪಕ್ಕದ ಬೆಂಚಿನ ಹುಡುಗಿ ಬಗ್ಗಿ ಬುಡವನ್ನು ಬೆರಳಿಂದ ಒತ್ತಿ ನೋಡುತ್ತಿದ್ದಳು.

ಹೊಸ ಪಠ್ಯ ಒಳ್ಳೆಯದೋ ಹಳೆಯದೋ, ಅಕ್ಕ ಭಾವ ದಾರಿಯುದ್ದಕ್ಕೂ ವಾದ ಮಾಡಿಕೊಂಡೇ ಬಂದರು. ಸಂಜೆ ಹಿತ್ತಿಲಿಗೆ ಹೋದರೆ, ಭಾವ ಕುಕ್ಕರುಗಾಲಲ್ಲಿ ಕೂತು ಮಣ್ಣು ಕಲಸುತ್ತಿದ್ದಾರೆ.

"ಎಷ್ಟು ದಪ್ಪ ಬೇಕಾದೀತು ಮಾರಾಯ?"

ನನಗೇನು ಗೊತ್ತು? ಅಷ್ಟರಲ್ಲಿ ಮೊಮ್ಮಗಳು ಬಂದು ಟ್ರೇಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕೈ ತೆಗಿ ತಾತ. ನಾನ್ ಕಟ್ತೀನಿ, ನೀನು ನೀರು ಹಾಕು."

ಭಾವ ಎದ್ದು ಚೊಂಬು ತರಲು ಹೋದರು.