ಒಂದೇ ಜಾಗದಲ್ಲಿ ಬಿಗಿ

ನನ್ನ ದೊಡ್ಡಪ್ಪನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಶೆಡ್ಡಿನಲ್ಲಿ ಅವರು ಪಿಸುಗುಟ್ಟಿದರೆ ಎದುರಿನ ಟೈರ್ ಅಂಗಡಿಯವನು ರೇಡಿಯೊ ಆರಿಸಿ ಕಿವಿಗೊಡುತ್ತಾನೆ.

ಆ ಶನಿವಾರ ಮಾವನ ಟ್ಯಾಕ್ಸಿಯ ಎಂಜಿನ್ ಹೊಸದಾಗಿ ಕಟ್ಟಿ ಮುಗಿದಿತ್ತು. ಮಾವ ಎಂದರೆ ದೊಡ್ಡಪ್ಪನ ಅಕ್ಕನ ಗಂಡ. ಆಸ್ಪತ್ರೆಯ ನರ್ಸುಗಳನ್ನು ದಿನಾ ಕರೆದೊಯ್ಯುವ ಬಾಡಿಗೆ ಅವರಿಗೆ ಸಿಕ್ಕಿತ್ತು. ಸೋಮವಾರ ಬೆಳಗ್ಗೆ ಹೋಗದಿದ್ದರೆ ಅದು ಬೇರೆಯವನ ಪಾಲಾಗುತ್ತಿತ್ತು. ಹಾಗಾಗಿ ಅವರು ಶೆಡ್ಡು ಬಿಟ್ಟು ಕದಲಿರಲಿಲ್ಲ.

ಕಟ್ಟಿದ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡದೆ ದೊಡ್ಡಪ್ಪ ಕಾರಿಗೆ ಇಳಿಸುವುದಿಲ್ಲ. ಒಳಗೆ ಗಾಳಿ ಒತ್ತದಿರಲೆಂದು ಪ್ಲಗ್ಗು ಹಾಕದೆ, ಕ್ರ್ಯಾಂಕ್ ಎಂಬ ತಿರುಗುವ ದಂಡದ ಮುಂದಿನ ಬೋಲ್ಟಿಗೆ ಪಾನಾ ಕೊಟ್ಟು ನಿಧಾನವಾಗಿ ತಿರುಗಿಸುತ್ತಾರೆ. ಸುತ್ತುಪೂರ್ತಿ ಒಂದೇ ಸಮ ಬಿಗಿಯಿದ್ದರೆ ಅದು ಸಾಮಾನ್ಯವಾಗಿ ಹೊಸ ಪಿಸ್ಟನ್ ರಿಂಗುಗಳ ಬಿಗಿ. ಅವತ್ತು ಹಾಗಿರಲಿಲ್ಲ. ಪ್ರತಿ ಸುತ್ತಿನಲ್ಲೂ ಪಾನಾ ಒಂದೇ ಜಾಗಕ್ಕೆ ಬಂದು ಹಟ ಹಿಡಿಯುತ್ತಿತ್ತು.

"ಕಾರಿಗೆ ಕೂರಿಸಿ, ಹಗ್ಗ ಕಟ್ಟಿ ಎಳೆದ್ರೆ ತಾನಾಗೇ ಬಿಡತ್ತೆ," ಎಂದರು ಮಾವ.

"ಬಿಡತ್ತೆ ಭಾವ. ಪ್ರಾಣ ಬಿಡತ್ತೆ."

ದೊಡ್ಡಪ್ಪ ಎಂಜಿನ್ನನ್ನು ಸ್ಟ್ಯಾಂಡಿನಲ್ಲೇ ತಲೆಕೆಳಗು ಮಾಡಿದರು. ಕ್ರ್ಯಾಂಕನ್ನು ಹಿಡಿದಿಡುವ ಐದು ಬೇರಿಂಗ್ ಕ್ಯಾಪುಗಳಿವೆ. ಒಂದೊಂದನ್ನೇ ಸಡಿಲಿಸಿ, ತಿರುಗಿಸಿ, ಮತ್ತೆ ಬಿಗಿದರು. ಮೊದಲೆರಡರಿಂದ ಏನೂ ಬದಲಾಗಲಿಲ್ಲ. ಮೂರನೆಯದನ್ನು ಸಡಿಲಿಸಿದಾಗ ಹಟ ಅರ್ಧ ಇಳಿಯಿತು. ಅದನ್ನು ಹಾಗೇ ಬಿಟ್ಟು ನಾಲ್ಕನೆಯದನ್ನೂ ಸಡಿಲಿಸಿದರೆ ಪಾನಾ ಸಲೀಸಾಗಿ ತಿರುಗಿತು.

ಎರಡನ್ನೂ ಬಿಚ್ಚಿದರು. ಒಂದರ ಕ್ಯಾಪು ಇನ್ನೊಂದರ ಜಾಗಕ್ಕೆ ಹೊಂದುವುದಿಲ್ಲ. ಅದಕ್ಕೇ ಬಿಚ್ಚುವ ಮೊದಲು ದೊಡ್ಡಪ್ಪ ಪ್ರತಿಯೊಂದರ ಮೇಲೂ ಚೂಪು ಮೊನೆಯ ಉಳಿಯಿಂದ ಅದರ ಸಂಖ್ಯೆಯಷ್ಟು ಚುಕ್ಕಿ ಹೊಡೆಯುತ್ತಾರೆ. ಈ ಕ್ಯಾಪುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಚುಕ್ಕಿಯೇ ಇರಲಿಲ್ಲ.

"ಚುಕ್ಕಿ ಎಲ್ಲಿ?" ದೊಡ್ಡಪ್ಪನ ದನಿ ಇಳಿಯಿತು.

"ತೂತು ತೂತಾಗಿತ್ತಲ್ಲ, ಅದಾ? ತುಕ್ಕು ತಿಂದಿದೆ ಅಂದ್ಕೊಂಡೆ. ನೀನು ತಿಂಡಿಗೆ ಹೋದಾಗ ಅರ ಹಾಕಿ ಉಜ್ಜಿ ಪಾಲಿಶ್ ಮಾಡಿಟ್ಟೆ. ಎಷ್ಟು ಚೆನ್ನಾಗಿದೆ ನೋಡು."

ಕಾರಿನ ಪೆಡಲುಗಳನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವ ಮನುಷ್ಯ ಮಾವ. ಉಜ್ಜಿದ ಮೇಲೆ ಐದನ್ನೂ ತೋಚಿದ ಸಾಲಿನಲ್ಲಿ ಜೋಡಿಸಿದ್ದರು; ಮೂರು, ನಾಲ್ಕು ಅದಲುಬದಲಾಗಿದ್ದವು. ಅವರ ಮಾತಿನ ಕಾಟಕ್ಕೆ ರೋಸಿಹೋಗಿದ್ದ ದೊಡ್ಡಪ್ಪ, ಕೈಗೆ ಕೊಟ್ಟಿದ್ದನ್ನು ತಿರುಗಿಸಿಯೂ ನೋಡದೆ ಬಿಗಿದಿದ್ದರು.

"ನನ್ನ ಕಣ್ಣೇನು ಬಾಡಿಗೆಗೆ ಹೋಗಿತ್ತಾ," ಎಂದು ದೊಡ್ಡಪ್ಪ ತಮ್ಮನ್ನೇ ಬೈದುಕೊಂಡರು. ಆಮೇಲೆ ಕ್ಯಾಪಿನೊಳಗಿನ ಬೇರಿಂಗನ್ನು ಬೆಳಕಿಗೆ ಹಿಡಿದರು. ಅದರ ಮೆತ್ತನೆಯ ಲೋಹದಲ್ಲಿ ಉಗುರು ಸಿಕ್ಕುವಷ್ಟು ಆಳದ ಗೀರು. "ಇದು ಬರೀ ಪಾನಾದಿಂದ ಆಗೋ ಗೀರಲ್ಲ."

ಮಾವ ತಗಡಿನ ಸೂರು ನೋಡಿದರು. "ಬೆಳಗ್ಗೆ ನೀನು ಬರೋ ಮುಂಚೆ ಪಾನಾಗೆ ಉದ್ದದ ಪೈಪ್ ಹಾಕಿ ಒಂದಿಷ್ಟು ಸುತ್ತಿಸಿದೆ. ಸಡಿಲ ಆಗ್ಲಿ ಅಂತ."

ಹೊಸ ಬೇರಿಂಗ್ ಬರುವುದು ಮಂಗಳವಾರ ಎಂದು ಬಿಡಿಭಾಗದ ಅಂಗಡಿಯವನು ಫೋನಿನಲ್ಲಿ ಹೇಳಿದ.

"ಮಂಗಳವಾರ ತಗೊಂಡು ನಾನೇನು ತಲೆ ಮೇಲೆ ಇಟ್ಕೊಳ್ಳಾ? ಇದನ್ನೇ ಹಾಕು. ನನ್ನ ಕಾರು, ನನ್ನಿಷ್ಟ."

ದೊಡ್ಡಪ್ಪ ಉಳಿದ ಬೋಲ್ಟುಗಳನ್ನೂ ಬಿಚ್ಚಿ ಕ್ರ್ಯಾಂಕನ್ನೇ ಹೊರಗೆತ್ತಿದರು. ಎಣ್ಣೆ ಬಟ್ಟೆ ಸುತ್ತಿ, ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, "ಈಗ ಎಳೀರಿ ಹಗ್ಗ ಕಟ್ಟಿ," ಎಂದರು. ಮಾವ ಚಪ್ಪಲಿ ಮೆಟ್ಟಿ ನಡೆದೇ ಹೋದರು.

ಸಂಜೆ ಅತ್ತೆಯ ಫೋನು ಬಂತು. "ಬೇರೆಯವರ ಕಾರಾಗಿದ್ರೆ ಹೀಗೆ ಮಾಡ್ತಿದ್ಯೇನೋ?"

"ಬೇರೆಯವರದಾಗಿದ್ರೆ ಕ್ಯಾಪು ನೋಡಿ ಹಾಕ್ತಿದ್ದೆ ಅಕ್ಕ," ಎಂದು ದೊಡ್ಡಪ್ಪ ಫೋನಿಟ್ಟರು.

ಸೋಮವಾರ ನರ್ಸುಗಳನ್ನು ಬೇರೆಯವನು ಕರೆದೊಯ್ದ. ಹೊಸ ಬೇರಿಂಗ್ ಬಂದ ಮೇಲೆ ಎಂಜಿನ್ ಎಲ್ಲೂ ತಡೆಯದೆ ತಿರುಗಿತು. ಕಾರು ಸಿದ್ಧವಾದಾಗ ಮಾವ ಬಂದು, ಮುಖ ನೋಡದೆ ಕೀಲಿಗೆ ಕೈಚಾಚಿದರು.

"ಮೊದಲ ವಾರ ನಿಧಾನ ಓಡ್ಸಿ," ಎಂದರು ದೊಡ್ಡಪ್ಪ.

"ಎಲ್ಲಿಗೆ?" ಎಂದು ಕೇಳಿ ಮಾವ ಬಾಗಿಲು ಎಳೆದುಕೊಂಡರು.