ಚಿಟ್ಟೆ ಮಿಸ್ ಮಾಡಿದ ಗೂಡು

ನನ್ನ ಓರಗಿತ್ತಿಗೆ ಚಿಟ್ಟೆ ಮಿಸ್ ಎಂದೇ ಹೆಸರು. ಶಿಶುವಿಹಾರದ ಮಕ್ಕಳಿಗೆ ಪ್ರತಿವರ್ಷ ಚಿಟ್ಟೆಯ ಜೀವನಚಕ್ರ ಕಲಿಸುತ್ತಾಳೆ, ಅದೇ ದೊಡ್ಡ ಹೆಗ್ಗಳಿಕೆ. ಹೂಕೋಸಿನಲ್ಲಿ ಒಂದು ಹುಳ ಕಂಡರೆ ಸಾಕು, ಚಾಕು ಬಿಸಾಕಿ ಸ್ಟೂಲ್ ಹತ್ತಿ ನಿಲ್ಲುವವಳೂ ಇವಳೇ. ನಮ್ಮ ಶೋಕೇಸಿನಲ್ಲಿ ಇವಳ 'ಉತ್ತಮ ಶಿಕ್ಷಕಿ' ಫಲಕ ಇದೆ. ದಿನಾ ತಾನೇ ಒರೆಸುತ್ತಾಳೆ. ಮನೆಯಲ್ಲಿ ಅವಳು ಒರೆಸುವ ಸಾಮಾನು ಅದೊಂದೇ.

ಮನೆಯಲ್ಲಿ ಕೊಡಲಿಯಂಥ ಮಾತು, ಶಾಲೆಯಲ್ಲಿ "ಪುಟಾಣಿಗಳೇ, ಬಂಗಾರಗಳೇ" ಎನ್ನುವ ಬೆಣ್ಣೆ ದನಿ. ನನ್ನ ಐದು ವರ್ಷದ ಮಗಳು ಅವಳ ತರಗತಿಯಲ್ಲೇ ಇದ್ದಳು. ಮೊದಲ ದಿನ "ದೊಡ್ಡಮ್ಮಾ" ಎಂದು ಓಡಿಹೋಗಿ, "ಇಲ್ಲಿ ಮಿಸ್ ಅನ್ಬೇಕು" ಎಂದು ಗದರಿಸಿಕೊಂಡು ಬಂದಿತ್ತು ಮಗು.

ಆ ವರ್ಷ ಮುಖ್ಯ ಶಿಕ್ಷಕಿಯ ಕುರ್ಚಿ ಖಾಲಿಯಾಗುವುದಿತ್ತು. ಓರಗಿತ್ತಿ ಚಿಟ್ಟೆ ಪಾಠವನ್ನು ನಾಟಕ ಮಾಡಿಸಲು ಹೊರಟಳು. ಒಬ್ಬ ಹುಡುಗ ಮೊಟ್ಟೆ, ಮೂವರು ಸಾಲಾಗಿ ನಿಂತು ಕಂಬಳಿಹುಳು, ನನ್ನ ಮಗಳು ಗೂಡು. ಚಿಟ್ಟೆ ಯಾರು? ಶಾಲೆಯ ಯಜಮಾನರ ಮೊಮ್ಮಗಳು. ಹಳದಿ ಪರದೆ ಕತ್ತರಿಸಿ ಆ ಮಗುವಿಗೆ ರೆಕ್ಕೆ ಹೊಲಿದುಕೊಡುವ ಭಾಗ್ಯ ನನ್ನದಾಯಿತು.

"ಅಕ್ಕ, ಗೂಡಲ್ಲಿ ಇರೋ ಮಗುನೇ ಅಲ್ವಾ ಚಿಟ್ಟೆಯಾಗಿ ಬರ್ಬೇಕು?" ಎಂದೆ.

"ಸ್ಟೇಜ್ ವಿಷ್ಯ ನಿಂಗೇನು ಗೊತ್ತು? ಮನೆ ಮಗೂಗೇ ಚಿಟ್ಟೆ ಕೊಟ್ರೆ ಜನ ಆಡ್ಕೊಳ್ಳಲ್ವಾ?"

ಯಜಮಾನರ ಮುಂದೆ ಹಲ್ಲು ಗಿಂಜುವುದಕ್ಕೆ ಈ ಹೆಂಗಸು ಕೊಟ್ಟ ಹೆಸರು ನ್ಯಾಯ! ನನಗೆ ಮೈಯೆಲ್ಲ ಉರಿಯಿತು.

ಮಗಳು ಕೇಳಿಸಿಕೊಂಡು ನಿಂತಿದ್ದಳು. "ಹಾಗಾದ್ರೆ ನಾನು ಎಲ್ಲಿಗೆ ಹೋಗ್ತೀನಿ?" ಎಂದಳು.

"ನೀನು ಸುಮ್ನೆ ಮಲಗಿರು. ಆಮೇಲೆ ಪರದೆ ಹಿಂದೆ ಎಳ್ಕೋತೀವಿ," ಎಂದಳು ದೊಡ್ಡಮ್ಮ.

ರೆಕ್ಕೆ ಬೇಕೆಂದು ಅತ್ತಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ಮಗುವಿನ ಸಂಕಟ ಅದಲ್ಲ. ಗೂಡಿಗೆ ಹೋದವಳು ಹೊರಗೆ ಬರುವುದೇ ಇಲ್ಲವಲ್ಲ ಎಂಬ ಹೆದರಿಕೆ. ನಾಟಕ ಮುಗಿಯುವವರೆಗೂ ಅವಳಿಗೆ ಊಟ ಸರಿಯಾಗಿ ಸೇರಲಿಲ್ಲ.

ನಾಟಕದ ದಿನ ಮಗಳನ್ನು ಕಂದು ಬೆಡ್‌ಶೀಟಿನಲ್ಲಿ ಸುತ್ತಿ, ಪಿನ್ ಹಾಕಿ, ವೇದಿಕೆಯ ನಡುವೆ ಮಲಗಿಸಿದರು. ಓರಗಿತ್ತಿ ಮೈಕಿನಲ್ಲಿ, "ಈಗ ಗೂಡಿನಿಂದ ಏನು ಬರುತ್ತೆ ಮಕ್ಕಳೇ?" ಎಂದು ರಾಗ ಎಳೆದಳು. ಗೂಡು ಬಿದ್ದಲ್ಲೇ ಬಿದ್ದಿತ್ತು. ಯಜಮಾನರ ಮೊಮ್ಮಗಳು ಬಿಸ್ಕತ್ತು ತಿನ್ನುತ್ತಾ ಪಕ್ಕದ ಬಾಗಿಲಿನಿಂದ ನಡೆದು ಬಂತು. ಮುಂದಿನ ಸಾಲಿನ ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು. ಓದು ಬರಹ ಬಲ್ಲ ಅಷ್ಟು ಜನರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ!

ಆಯಾ ಬಂದು ಗೂಡನ್ನು ಎಳೆಯಲು ಹೋದಳು. ಗೂಡು ಒದ್ದಾಡಿತು. ಪಿನ್ ಕಿತ್ತುಬಂತು. ಕೆದರಿದ ತಲೆ, ಆಮೇಲೆ ಎರಡು ಕೈ, ಕೊನೆಗೆ ಒಂದೇ ಕಾಲುಚೀಲದ ನನ್ನ ಮಗಳು ಎದ್ದು ನಿಂತಳು.

"ಒಳಗೆ ಇದ್ದಿದ್ದು ನಾನು!" ಎಂದು ಕಿರುಚಿ, ಬರಿಗೈಯನ್ನೇ ಬಡಿಯುತ್ತಾ ವೇದಿಕೆ ಸುತ್ತಿದಳು.

"ಚಿಟ್ಟೆ ಬಂತು! ಈಗ ಬಂತು!" ಎಂದು ನೆಲದ ಮೇಲೆ ಕೂತಿದ್ದ ಮಕ್ಕಳು ಕೂಗಿದರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಓರಗಿತ್ತಿ ಹಲ್ಲು ಬಿಟ್ಟುಕೊಂಡೇ ಮಗುವಿನ ತೋಳು ಹಿಡಿದಳು. "ದೊಡ್ಡಮ್ಮಾ, ಚಿವುಟ್ಬೇಡ!" ಎಂದದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು.

ಅಷ್ಟಾದರೂ ಕುರ್ಚಿ ಅವಳಿಗೇ ಸಿಕ್ಕಿತು. ಮೊಮ್ಮಗಳ ಫೋಟೊ ಚೆನ್ನಾಗಿ ಬಂದಿತ್ತಂತೆ.

ಮರುವರ್ಷ ಮತ್ತೆ ಅದೇ ನಾಟಕ. ಹಿಂದಿನ ತಪ್ಪಿನಿಂದ ಪಾಠ ಕಲಿತಿದ್ದೇನೆ ಎಂದು ಓರಗಿತ್ತಿ ಹೇಳಿದಾಗ, ಪರವಾಗಿಲ್ಲ, ಬುದ್ಧಿ ಬಂತು ಎಂದುಕೊಂಡೆ. ಅವಳು ಊಟದ ಮೇಜಿನ ಮೇಲೆ ಬೆಡ್‌ಶೀಟ್ ಹರಡಿ, ಅದರೊಳಗೆ ಒಂದು ದಿಂಬು ಇಟ್ಟು ಬಿಗಿಯಾಗಿ ಸುತ್ತತೊಡಗಿದಳು.

"ಈ ಸಲ ಯೋಚ್ನೆ ಇಲ್ಲ," ಎಂದಳು. "ಇದು ಎದ್ದು ಬರಲ್ಲ."