ನಾಗರಾಜಾಚಾರಿ ಹಾಕದ ಸಹಿ

ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ನಾಗರಾಜಾಚಾರಿಯ ಚಿನ್ನಬೆಳ್ಳಿ ಕೆಲಸದ ಅಂಗಡಿ ಇದೆ. ಮುಂದೆ ಅಂಗಡಿ, ಹಿಂದೆ ಮನೆ. ಬಾಬುರಾಯನಕೊಪ್ಪಲಿನಿಂದ ಆ ಮನೆಗೆ ಹಾಲು ಹಾಕುವವಳು ನಾನು. ನನ್ನ ಯಜಮಾನರು ಇದ್ದಾಗಿನಿಂದಲೂ ಹಾಕುತ್ತಿದ್ದೇನೆ. ಆದ್ದರಿಂದ ಅಲ್ಲಿ ನಡೆದದ್ದನ್ನು ಕಂಡಷ್ಟು, ಕೇಳಿದಷ್ಟು ಹೇಳಬಲ್ಲೆ.

ಆಚಾರಿ ಮಾತು ಕಡಿಮೆ. ಯಾರ ಒಡವೆ ಬಂದರೂ ಅವರ ಕಣ್ಣೆದುರಿಗೇ ತೂಗುತ್ತಾನೆ, ಕೆಲಸ ಮುಗಿದ ಮೇಲೆ ಮತ್ತೆ ಅವರೆದುರಿಗೇ ತೂಗಿ ಕೊಡುತ್ತಾನೆ. ಪೇಟೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳು ಬಂದ ಮೇಲೂ ನಮ್ಮ ಕಡೆಯ ಹೆಂಗಸರು ಹಳೆಯ ಚಿನ್ನ ಕರಗಿಸಲು ಅವನ ಹತ್ತಿರವೇ ಹೋಗುತ್ತಾರೆ. ಕೈಕೆಲಸ ಅಷ್ಟೇನೂ ನಾಜೂಕಲ್ಲ, ಅದನ್ನು ಅವನೇ ಒಪ್ಪುತ್ತಾನೆ. ನಂಬಿಕೆಯೊಂದೇ ಅವನ ಬಂಡವಾಳ.

ಆ ಅಂಗಡಿಯಲ್ಲಿ ಕಸವನ್ನು ಬೀದಿಗೆ ಗುಡಿಸುವುದಿಲ್ಲ. ಅರ ಉಜ್ಜಿದಾಗ ಉದುರಿದ ಪುಡಿ, ಅಗ್ಗಿಷ್ಟಿಕೆಯ ಬೂದಿ, ಕೈ ತೊಳೆದ ನೀರಿನ ತಳದ ಮಡ್ಡಿ, ಎಲ್ಲವನ್ನೂ ಡಬ್ಬಕ್ಕೆ ಕೂಡಿಡುತ್ತಾರೆ. ವರ್ಷಕ್ಕೊಮ್ಮೆ ಅದನ್ನು ಸುಟ್ಟು, ತೊಳೆದು, ಒಳಗಿರುವ ಚಿನ್ನ ಬೆಳ್ಳಿ ತೆಗೆಯುತ್ತಾರೆ. ಒಬ್ಬಳೇ ಮಗಳು ಅನುಶ್ರೀ ನಡೆಯಲು ಕಲಿತಾಗಿನಿಂದ ಇದನ್ನು ನೋಡಿಕೊಂಡೇ ಬೆಳೆದವಳು.

ಅವಳು ಪಾಂಡವಪುರದ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಕೊನೆಯ ವರ್ಷ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಬೆಳ್ಳಿಯ ಅಂಶವಿರುವ ಯಾವುದೋ ನೀರಿನಿಂದ ಪರೀಕ್ಷೆ ಮಾಡಿಸುತ್ತಾರಂತೆ. ಮುಗಿದ ಮೇಲೆ ಉಳಿದದ್ದನ್ನೆಲ್ಲ ಒಂದು ಗಾಜಿನ ಜಾಡಿಗೆ ಸುರಿಯುತ್ತಾರೆ. ಜಾಡಿಯ ತಳದಲ್ಲಿ ಮಡ್ಡಿ ನಿಂತಿತ್ತು. ಒಂದು ದಿನ ಹುಡುಗಿ ಆ ಮಡ್ಡಿಯನ್ನು ತನ್ನ ನೀರಿನ ಬಾಟಲಿಗೆ ಬಗ್ಗಿಸಿಕೊಂಡು, ದುಪಟ್ಟಾದ ಕೆಳಗೆ ಇಟ್ಟುಕೊಂಡು ಹೊರಗೆ ಬಂದಳು. ಲ್ಯಾಬಿನ ಅಟೆಂಡರು ನೋಡಿ, ಪ್ರಿನ್ಸಿಪಾಲರಿಗೆ ದೂರು ಕೊಟ್ಟ.

ಕಾಲೇಜಿನವರು ನೋಟಿಸ್ ಕೊಟ್ಟರು. ಶಿಸ್ತು ಸಮಿತಿ ಕೂತಿತು. ಹುಡುಗಿ ಕ್ಲಾಸಿಗೆ ಬರುವಂತಿಲ್ಲ, ಹಾಲ್ ಟಿಕೆಟ್ ಕೊಡುವುದಿಲ್ಲ ಎಂದಾಯಿತು. ಆಮೇಲೆ ಪಾಪ, ಅವರೇ ಒಂದು ದಾರಿಯನ್ನೂ ತೋರಿಸಿದರು. ಕಾಲೇಜಿನ ಬೆಳ್ಳಿ ಪದಾರ್ಥ ಕಳ್ಳತನ ಮಾಡಿದೆ, ಇನ್ನು ಮೇಲೆ ಮಾಡುವುದಿಲ್ಲ ಎಂದು ತಪ್ಪೊಪ್ಪಿಗೆ ಟೈಪ್ ಮಾಡಿಸಿ, ಮಗಳೂ ತಂದೆಯೂ ಸಹಿ ಹಾಕಿ ತಂದರೆ ಅಲ್ಲಿಗೆ ಮುಗಿಯಿತು, ಪರೀಕ್ಷೆಗೆ ಕೂರಬಹುದು. ಒಪ್ಪಿಗೆಯಾಗದಿದ್ದರೆ ಆಡಳಿತ ಮಂಡಳಿಗೆ ಮೇಲ್ಮನವಿ ಹಾಕಿಕೊಳ್ಳಬಹುದು.

ನಾನು ಹಾಲು ತೆಗೆದುಕೊಂಡು ಹೋದಾಗ ಆ ಕಾಗದ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಮಗಳ ಸಹಿ ಆಗಲೇ ಬಿದ್ದಿತ್ತು. ತಂದೆಯ ಜಾಗ ಖಾಲಿ. ಆಚಾರಿ ಅಲ್ಲೇ ಗೋಡೆಗೊರಗಿ ಕೂತಿದ್ದ.

ಆಚಾರಿಯ ಹೆಂಡತಿ ಲಲಿತಮ್ಮ ಪಾತ್ರೆ ಇಟ್ಟು, "ನೋಡಿ ದ್ಯಾವಕ್ಕ, ಇವ್ರು ಪೆನ್ನೇ ಮುಟ್ತಾ ಇಲ್ಲ. ನೀವಾದ್ರೂ ಯೋಳಿ" ಎಂದಳು.

ನನ್ನ ಮೈದುನನ ಮಗ ಚಲುವರಾಜು ಅವತ್ತು ನನ್ನನ್ನು ಬೈಕಿನಲ್ಲಿ ಕರೆತಂದಿದ್ದ. ಅವನ ಮಗ ಸಂತೋಷ್ ಅದೇ ಕಾಲೇಜಿನಲ್ಲಿ ಹೊಡೆದಾಡಿ, ಹಿಂದಿನ ವರ್ಷ ಇಂಥದ್ದೇ ಕಾಗದ ಬರೆದುಕೊಟ್ಟಿದ್ದ.

"ಅದೇನ್ ಮಹಾ ಆಚಾರ್ರೆ?" ಎಂದ ಚಲುವರಾಜು. "ನಮ್ಮುಡುಗ ಒಬ್ಬನ ಮೂಗ್ ಒಡದ. ನಾನು ಓದ್ನೂ ಇಲ್ಲ, ಸೈನ್ ಆಕ್ಬುಟ್ಟು ಬಂದೆ. ಈಗ ಅವ್ನೇ ಕಾಲೇಜ್ ಕಬಡ್ಡಿ ಟೀಮ್ ಕ್ಯಾಪ್ಟನ್ನು."

"ನಿಮ್ಮ ಮಗ ಮೂಗು ಒಡೆದ ಅಂದ್ರೆ ನಿಮ್ಮ ಹಾಲು ಡೇರಿಲಿ ತಗೊಳಲ್ಲ ಅಂತಾರಾ?" ಎಂದ ಆಚಾರಿ.

"ಇಲ್ಲ ಬುಡಿ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡಲ್ಲ ಅಂತ ನೀವೇ ತಾನೆ ಅನ್ನೋದು? ಆಚಾರಿ ಮಗಳು ಬೆಳ್ಳಿ ಕದ್ಲು ಅಂತ ನಾನೇ ಬರ್ಕೊಟ್ರೆ, ನಾಳೆ ನಿಮ್ಮನೇವ್ರು ಸರ ಬಿಚ್ಚಿ ನನ್ ಕೈಗೆ ಕೊಡ್ತಾರಾ?"

ಚಲುವರಾಜು ತಲೆ ಕೆರೆದುಕೊಂಡ. "ಕೊಡ್ತಾಳೆ. ಆದ್ರೆ ಪಕ್ದಲ್ಲೇ ಕೂತಿರ್ತಾಳೆ" ಎಂದ. ಲಲಿತಮ್ಮನಿಗೂ ನಗು ಬಂತು, ತಡೆದುಕೊಂಡಳು.

ಒಳಗಿಂದ ಅನುಶ್ರೀ ಬಂದಳು. ಅತ್ತು ಅತ್ತು ಮುಖ ಊದಿತ್ತು. "ಅಪ್ಪ, ಕಳ್ಳತನ ಅನ್ನೋದು ಒಂದ್ ಪದ ಅಷ್ಟೆ. ಯಾರೂ ನೋಡಲ್ಲ. ನಾನು ಎಕ್ಸಾಮ್ ಬರೀಬೇಕು."

"ಕದ್ಯಾ ನೀನು?"

"ಇಲ್ಲ. ನಮ್ಮಂಗಡೀಲಿ ಮಡ್ಡಿ ಚೆಲ್ಲಲ್ವಲ್ಲ, ಅಲ್ಲಿ ಸುಮ್ನೆ ಚೆಲ್ಬುಡ್ತಾರಲ್ಲ ಅಂತ..."

"ನಮ್ಮಂಗಡಿ ಮಡ್ಡಿ ನಮ್ದು. ಅವ್ರದ್ದು ಅವ್ರದು" ಎಂದು ಆಚಾರಿ ಎದ್ದು ಅಂಗಡಿಗೆ ಹೋದ. ಮಗಳ ಪರ ನಿಲ್ಲುತ್ತಾನೋ ಕಾಲೇಜಿನ ಪರವೋ ನನಗೆ ಆ ಹೊತ್ತಿಗೆ ತಿಳಿಯಲಿಲ್ಲ.

ಅವನು ತನ್ನ ಸಹಿಯಿಲ್ಲದ ಆ ಕಾಗದವನ್ನೂ ಜೊತೆಗಿಟ್ಟು ಮೇಲ್ಮನವಿ ಹಾಕಿದ. ಲಲಿತಮ್ಮ ಅವನ ಜೊತೆ ಮಾತು ಬಿಟ್ಟಳು. ಊಟ ಬಡಿಸುವಾಗ ತಟ್ಟೆಯ ಸದ್ದೇ ಮಾತಾಡುತ್ತಿತ್ತು. ವಿಚಾರಣೆಯ ದಿನ ನನ್ನನ್ನೂ ಕರೆದಳು. "ನಂಗೆ ಎದೆ ಡವಡವ ಅಂತದೆ ಅಕ್ಕ, ನೀವು ಪಕ್ಕದಲ್ಲಿರಿ" ಎಂದಳು. ನಾಲ್ಕೂ ಜನ ಬಸ್ಸಿನಲ್ಲಿ ಹೋದೆವು.

ಪ್ರಿನ್ಸಿಪಾಲರ ಕೋಣೆಯಲ್ಲಿ ಆಡಳಿತ ಮಂಡಳಿಯ ರಂಗಸ್ವಾಮಿಯವರು ಕೂತಿದ್ದರು. ಬಿಳಿ ಪಂಚೆ, ಜಮೀನ್ದಾರರ ಮನೆತನ. ಪಕ್ಕದಲ್ಲಿ ಪ್ರಿನ್ಸಿಪಾಲರು, ಕೆಮಿಸ್ಟ್ರಿಯ ಸುನಿತಾ ಮೇಡಮ್ಮು. ಪ್ರಿನ್ಸಿಪಾಲರು ನನ್ನನ್ನು ನೋಡಿ, "ಈಯಮ್ಮ ಯಾರು?" ಎಂದು ಕೇಳಿದರು.

"ಮನೆ ಹಿರೀಕರು" ಎಂದುಬಿಟ್ಟಳು ಲಲಿತಮ್ಮ.

ರಂಗಸ್ವಾಮಿಯವರು ನನ್ನ ಹಣೆ, ಸೆರಗು ನೋಡಿದರು. "ಕೊಪ್ಪಲವ್ರಂಗೆ ಕಾಣ್ತೀರಿ. ಆಚಾರ್ರ ಮನೆಗೆ ಗೌಡ್ರ ಹಿರೀಕ್ರು ಯಾವಾಗ್ ಬಂದ್ರಿ?"

"ಹಾಲ್ ಹಾಕ್ತಾ ಹಾಕ್ತಾ ಹಿರೀಕಳಾದೆ ಕಣಪ್ಪ" ಎಂದೆ. ಅವರು ಕುರ್ಚಿ ತೋರಿಸಿದರು.

ಆಚಾರಿ ಮೊದಲು, ಮಗಳು ಮನೆಗೆ ತಂದಿದ್ದ ಆ ಬಾಟಲಿಯನ್ನು ಮೇಜಿನ ಮೇಲಿಟ್ಟ. ಮಡ್ಡಿ ಹಾಗೇ ಇತ್ತು. ಆಮೇಲೆ ನಿಂತುಕೊಂಡೇ ಮಾತಾಡಿದ.

"ಸ್ವಾಮಿ, ಮಗಳು ತಪ್ಪು ಮಾಡವ್ಳೆ. ಶಿಕ್ಷೆ ಬ್ಯಾಡ ಅಂತ ಕೇಳಾಕೆ ಬಂದಿಲ್ಲ. ನಮ್ಮಂಗಡೀಲಿ ಕೆಲ್ಸದವ್ರು ಸಂಜೆ ಮನೆಗೋಗೋವಾಗ ಕೈಯ ಅಲ್ಲೇ ಬೇಸಿನ್ನಲ್ಲಿ ತೊಳೀಬೇಕು, ಬಟ್ಟೆ ಅಲ್ಲೇ ಚಾಪೆ ಮ್ಯಾಲೆ ಒದರ್ಬೇಕು. ಮೈಗಂಟಿದ್ ಧೂಳಿಗೂ ಒಬ್ಬ ಯಜಮಾನ ಅವ್ನೆ. ಇವ್ಳು ಬಟ್ಟೆ ಒದರ್ದೆ ಬಂದ್ಲು. ಅಂಗ್ ಬಂದವ್ರನ್ನ ನಾವು ಕಳ್ಳ ಅನ್ನಲ್ಲ. ಆದ್ರೆ ಕೆಲ್ಸದ್ ಮಣೆಯಿಂದ ಎಬ್ಬಿಸ್ತೀವಿ. ನಂಬ್ಕೆ ಬರೋಗಂಟ ಹೊರ್ಗೆ ಕೂರಿಸ್ತೀವಿ. ಇವ್ಳಿಗೂ ಅಂಗೇ ಮಾಡಿ."

"ಅಂಗಾದ್ರೆ ಈ ಕಾಗದಕ್ಕೆ ಸೈನ್ ಹಾಕೋದಕ್ಕೇನ್ರೀ?" ಎಂದರು ರಂಗಸ್ವಾಮಿಯವರು. "ನಮ್ಮ ಫೈಲ್ನಲ್ಲಿರ್ತದೆ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅನ್ನೋ ಗಾದೆನೇ ಊರೆಲ್ಲ ಆಡ್ತಾರೆ, ಇದನ್ನ ಯಾರು ಓದ್ತಾರೆ?"

"ಗಾದೆ ಊರೋರ್ ಬಾಯಲ್ಲಿರ್ತದೆ ಸ್ವಾಮಿ, ನಕ್ಕಂಡು ಹೋಗ್ಬೋದು. ಇದ್ರ ಕೆಳ್ಗೆ ನನ್ ಸೈನ್ ಇರ್ತದೆ."

ಸುನಿತಾ ಮೇಡಮ್ಮು ಹುಡುಗಿಯ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. "ನನ್ನನ್ನ ಕೇಳಿದ್ರೆ ನಾನೇ ಲ್ಯಾಬಲ್ಲಿ ನಿಂತು ಬೆಳ್ಳಿ ತೆಗೆಸ್ತಿದ್ದೆ ಅನುಶ್ರೀ. ಕಸ ಅಂತ ತಿಳ್ಕೊಂಡು ತಗೊಂಡೆ ಅಂತೀಯ. ಕಸ ಆಗಿದ್ರೆ ದುಪಟ್ಟಾ ಕೆಳಗೆ ಯಾಕೆ ಮುಚ್ಚಿಟ್ಕೊಂಡೆ?"

ಇಡೀ ಮೊಕದ್ದಮೆ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಲಲಿತಮ್ಮ ನನ್ನ ಕೈ ಹಿಡಿದುಕೊಂಡಳು. ಹುಡುಗಿ ನೆಲ ನೋಡಿದಳು.

"ನಗ್ತಾರೆ ಅಂತ ಮೇಡಂ" ಎಂದಳು. "ಆಚಾರಿ ಮಗಳು ಕಸಕ್ಕೂ ಆಸೆ ಬೀಳ್ತಾಳೆ ಅಂತ ಕ್ಲಾಸಲ್ಲಿ ಆಡ್ಕೋತಾರೆ ಅಂತ ಮುಚ್ಚಿಟ್ಕೊಂಡೆ. ಯಾರ್ದೋ ವಸ್ತು ಅಂತ್ಲೂ ಗೊತ್ತಿತ್ತು. ಕೇಳ್ಬೇಕಿತ್ತು."

ಆಚಾರಿ ಮಗಳ ಕಡೆ ನೋಡಿದ. ಮನೆಯಲ್ಲಿ ಅವಳು ಈ ಮಾತು ಹೇಳಿರಲಿಲ್ಲ. ಅಪ್ಪನ ಕಸುಬಿಗೆ ನಾಚಿದೆ ಎಂದು ಅಪ್ಪನಿಗೇ ಹೇಳಲು ಆಗುವ ಮಾತೂ ಅಲ್ಲ. ಅವನು ಅಷ್ಟು ಹೊತ್ತೂ ನಿಂತೇ ಇದ್ದವನು ಆಗ ಕುರ್ಚಿ ಎಳೆದುಕೊಂಡು ಕೂತ.

ನಮ್ಮನ್ನು ಹೊರಗೆ ಕಳಿಸಿದರು. ವರಾಂಡದ ಬೆಂಚಿನ ಮೇಲೆ ಕೂತೆವು. ಕಾಲೇಜಿನ ಮಕ್ಕಳು ಓಡಾಡುತ್ತಿದ್ದರು. ಕೆಲವರು ಅನುಶ್ರೀಯನ್ನು ನೋಡಿ ಪಿಸುಗುಟ್ಟಿದರು, ಒಬ್ಬ ಹುಡುಗಿ ಬಂದು ಹೆಗಲು ಮುಟ್ಟಿ ಹೋದಳು.

ಮತ್ತೆ ಕರೆದಾಗ ಹೊಸ ಕಾಗದ ಸಿದ್ಧವಾಗಿತ್ತು. ಕಳ್ಳತನ ಎಂದಿದ್ದ ಕಡೆ, ಅನುಮತಿ ಕೇಳದೆ ತೆಗೆದುಕೊಂಡದ್ದು ಎಂದು ಬರೆದಿದ್ದರು. ಬೇರೆ ವಿಷಯಗಳ ಪರೀಕ್ಷೆ ಬರೆಯಬಹುದು. ಆದರೆ ಲ್ಯಾಬಿಗೆ ಈ ವರ್ಷ ಕಾಲಿಡುವಂತಿಲ್ಲ. ಲ್ಯಾಬಿನ ಕೆಲಸವನ್ನು ಮುಂದಿನ ವರ್ಷ ಕಿರಿಯರ ಜೊತೆ ಮತ್ತೆ ಮಾಡಬೇಕು. ಡಿಗ್ರಿ ಒಂದು ವರ್ಷ ತಡ.

ಪ್ರಿನ್ಸಿಪಾಲರು ಎರಡು ಕಾಗದವನ್ನೂ ಪಕ್ಕಪಕ್ಕದಲ್ಲಿಟ್ಟರು. "ನೋಡಿ ಆಚಾರ್ರೆ, ಹಳೇದಕ್ಕೆ ಸೈನ್ ಹಾಕಿದ್ರೆ ಈ ವರ್ಷವೇ ಮುಗೀತದೆ. ನಾವು ಬಲವಂತ ಮಾಡಲ್ಲ. ನಿಮ್ಮಿಷ್ಟ" ಎಂದರು.

ಲಲಿತಮ್ಮ ಎದ್ದೇಬಿಟ್ಟಳು. "ಹಳೇದಕ್ಕೇ ಹಾಕಿ" ಎಂದಳು. ಮಾತು ಬಿಟ್ಟ ಮೇಲೆ ಗಂಡನಿಗೆ ಅವಳು ಆಡಿದ ಮೊದಲ ಮಾತು ಅದು. ತಾಯಿಯ ಕಡೆಯಿಂದ ಅದು ತಪ್ಪಲ್ಲ.

ಆಚಾರಿ ಪೆನ್ನು ತೆಗೆದುಕೊಳ್ಳಲಿಲ್ಲ. "ವರ್ಷ ಅವಳ್ದು. ಅವ್ಳೇ ಹೇಳ್ಲಿ. ನಾನು ಅಡ್ಡ ಬರಲ್ಲ" ಎಂದ. ಇಷ್ಟು ದಿನ ಹಟ ಹಿಡಿದವನು ಹಾಗೆಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಅವನ ಬೆರಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಅನುಶ್ರೀ ತನ್ನ ಸಹಿ ಇದ್ದ ಹಳೆಯ ಕಾಗದವನ್ನು ಎತ್ತಿಕೊಂಡಳು. ಒಂದು ಸಲ ಓದಿದಳು. ಮಡಿಸಿ ಪ್ರಿನ್ಸಿಪಾಲರ ಕಡೆ ತಳ್ಳಿ, ಹೊಸದಕ್ಕೆ ಸಹಿ ಹಾಕಿ ತಂದೆಗೆ ಪೆನ್ನು ಕೊಟ್ಟಳು.

ಬಸ್ಸಿನಲ್ಲಿ ಲಲಿತಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ತಂದೆ ಮಗಳು.

"ನಾನ್ ಹಳೇದೇ ಇರ್ಲಿ ಅಂದಿದ್ರೆ ಏನ್ ಮಾಡ್ತಿದ್ದೆ ಅಪ್ಪ?" ಎಂದು ಅವಳು ಕೇಳಿದ್ದು ನನಗೆ ಕೇಳಿಸಿತು.

"ಹಾಕ್ತಿದ್ದೆ."

"ಆಮೇಲೆ?"

"ಅಂಗಡಿ ಬಾಗ್ಲು ಹಾಕ್ಕಂಡು, ಯಾರ್ದಾದ್ರೂ ದೊಡ್ಡಂಗಡೀಲಿ ಕೂಲಿಗೆ ಕೂರ್ತಿದ್ದೆ."

ಕಂಡಕ್ಟರು ಟಿಕೆಟ್ ಕೇಳುತ್ತಾ ಬಂದ. ಲಲಿತಮ್ಮ ಮುಖ ತಿರುಗಿಸದೆಯೇ ಹೇಳಿದಳು:

"ಇನ್ನೊಂದ್ ವರ್ಸ ಬೆಳಿಗ್ಗೆ ಎದ್ದು ಬುತ್ತಿ ಕಟ್ಬೇಕು. ಅಪ್ಪನೂ ಮಗಳೂ ಅದನ್ ಯೋಚ್ನೆ ಮಾಡಿದ್ರಾ?"

"ನಾನೇ ಕಟ್ಕೋತೀನಿ ಬಿಡಮ್ಮ" ಎಂದಳು ಅನುಶ್ರೀ.

"ನೀನು ಕಟ್ಕಂಡೆ ಬುಡು" ಎಂದಳು ಲಲಿತಮ್ಮ. ಅದನ್ನು ಹೇಳಿದ ದನಿಯಲ್ಲಿ ಸಿಟ್ಟು ಅರ್ಧ ಇಳಿದಿತ್ತು. ಉಳಿದರ್ಧ ಇಳಿಯಲು ದೀಪಾವಳಿಯವರೆಗೆ ಹಿಡಿಯಿತು.